ಗಿಡ ಮುಟ್ಟದವರಿಗೂ ಗುಳ್ಳೆ

ಅಮೆರಿಕದ ಪೂರ್ವ ಭಾಗದ ಯಾವುದೇ ಊರಿನಲ್ಲಿ, ಬೇಸಿಗೆ ರಜೆಯ ಯಾವುದೇ ವಾರದಲ್ಲಿ ನಡೆಯಬಹುದಾದ ಪ್ರಸಂಗ ಇದು. ಮನೆಯ ಹಿತ್ತಿಲಲ್ಲಿ ಹುಡುಗ ಚೆಂಡಾಡುತ್ತಿದ್ದಾನೆ. ಚೆಂಡು ಬೇಲಿಯ ಪೊದೆಯೊಳಕ್ಕೆ ಹೋಗುತ್ತದೆ. ಸಾಕಿದ ನಾಯಿ ಪೊದೆಗೆ ನುಗ್ಗಿ ಅದನ್ನು ಕಚ್ಚಿಕೊಂಡು ಬರುತ್ತದೆ. ಅದೇ ಸಂಜೆ ತಂದೆ ದೊಡ್ಡ ಕತ್ತರಿ ಹಿಡಿದು ಪೊದೆಯನ್ನು ಸವರಿ, ಕತ್ತರಿಯನ್ನು ಶೆಡ್ಡಿನ ಮೊಳೆಗೆ ನೇತುಹಾಕುತ್ತಾನೆ. ತಾಯಿ ಹಿತ್ತಿಲಿಗೆ ಇಳಿದವಳೇ ಅಲ್ಲ. ಒಳಗೆ ಕೂತು ನಾಯಿಯ ಮೈ ಸವರಿದ್ದಾಳೆ, ಅಷ್ಟೆ.

ಎರಡು ದಿನ ಕಳೆಯುವುದರೊಳಗೆ ತಾಯಿಯ ಮುಂಗೈಮೇಲೆ ಯಾರೋ ಬರೆ ಎಳೆದಂತೆ ಕೆಂಪು ಗೆರೆಗಳು. ಗೆರೆಯುದ್ದಕ್ಕೂ ನೀರು ತುಂಬಿದ ಗುಳ್ಳೆಗಳು. ನಿದ್ದೆ ಕೆಡಿಸುವ ತುರಿಕೆ. ನಾಲ್ಕನೆಯ ದಿನ ಹುಡುಗನ ಬೆರಳುಗಳ ಸಂದಿಯಲ್ಲಿ ಅದೇ ಗುಳ್ಳೆ. ವಾರ ಕಳೆದ ಮೇಲೆ ತಂದೆಯ ಮಣಿಕಟ್ಟಿನಲ್ಲಿ. ಇನ್ನೇನು ಬೇಕು? ತಾಯಿಯಿಂದ ಮಗನಿಗೆ, ಮಗನಿಂದ ತಂದೆಗೆ ರೋಗ ಹತ್ತಿತು ಎಂದು ಮನೆಯವರೇ ತೀರ್ಮಾನ ಮಾಡುತ್ತಾರೆ. ನೆರೆಮನೆಯವರು ತಮ್ಮ ಮಕ್ಕಳನ್ನು ಆಟಕ್ಕೆ ಕಳಿಸುವುದನ್ನು ನಿಲ್ಲಿಸುತ್ತಾರೆ. ಹುಡುಗನ ಟವೆಲ್ಲು ಬೇರೆ, ತಟ್ಟೆ ಬೇರೆ.

ಈ ತೀರ್ಮಾನದಲ್ಲಿ ಒಂದಕ್ಷರವೂ ಸರಿಯಲ್ಲ. ಗುಳ್ಳೆ ಒಬ್ಬರಿಂದ ಒಬ್ಬರಿಗೆ ಹತ್ತಿಲ್ಲ. ಅದು ಹತ್ತುವ ಜಾತಿಯದೇ ಅಲ್ಲ. ಮೂವರಿಗೂ ಬೇರೆ ಬೇರೆ ದಾರಿಯಿಂದ ಒಂದೇ ಎಣ್ಣೆ ತಾಗಿದೆ. ತಾಯಿಗೆ ನಾಯಿಯ ಕೂದಲಿನಿಂದ, ಮಗನಿಗೆ ಚೆಂಡಿನಿಂದ, ತಂದೆಗೆ ವಾರದ ನಂತರ ಮತ್ತೆ ಕೈಗೆತ್ತಿಕೊಂಡ ಕತ್ತರಿಯ ಹಿಡಿಯಿಂದ. ಆ ಎಣ್ಣೆಯ ಮೂಲ, ಬೇಲಿಯ ಪೊದೆಯೊಳಗೆ ಹಬ್ಬಿದ್ದ ಪಾಯಿಸನ್ ಐವಿ ಎಂಬ ಬಳ್ಳಿ.

ಬಿಲ್ವಪತ್ರೆಯನ್ನು ನೋಡಿದವರಿಗೆ ಈ ಬಳ್ಳಿಯ ಗುರುತು ಹೇಳುವುದು ಸುಲಭ. ಒಂದೇ ತೊಟ್ಟಿನಲ್ಲಿ ಮೂರು ಎಲೆ, ನಡುವಿನ ಎಲೆಯ ತೊಟ್ಟು ಮಾತ್ರ ಸ್ವಲ್ಪ ಉದ್ದ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಒಮ್ಮೆ ಅದು ಪೊದೆಯಾಗಿರುತ್ತದೆ, ಒಮ್ಮೆ ನೆಲದ ಮೇಲೆ ಹರಡಿರುತ್ತದೆ, ಒಮ್ಮೆ ಕಂದು ಕೂದಲಿನಂಥ ಬೇರುಗಳನ್ನು ಊರಿ ದೊಡ್ಡ ಮರದ ನೆತ್ತಿಯವರೆಗೂ ಏರುತ್ತದೆ. ವಸಂತದಲ್ಲಿ ಎಲೆ ಕೆಂಪು, ಬೇಸಿಗೆಯಲ್ಲಿ ಹೊಳೆಯುವ ಹಸಿರು, ಎಲೆ ಉದುರುವ ಮುನ್ನ ಕಡುಗೆಂಪು. ಅಮೆರಿಕದ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ಮೂರೆಲೆಯ ಗಿಡ ಕಂಡರೆ ದೂರ ಇರು ಎಂದು ಪ್ರಾಸ ಕಟ್ಟಿ ಹೇಳಿಕೊಡುತ್ತಾರೆ. ಐವಿ ಎಂಬ ಹೆಸರು ಬಂದದ್ದು ಹದಿನೇಳನೆಯ ಶತಮಾನದ ಆದಿಯಲ್ಲಿ. ವರ್ಜೀನಿಯಾದಲ್ಲಿ ನೆಲೆಯೂರಿದ ಆಂಗ್ಲ ವಲಸಿಗರ ನಾಯಕ ಕ್ಯಾಪ್ಟನ್ ಜಾನ್ ಸ್ಮಿತ್ ಇದನ್ನು ತನ್ನೂರಿನ ಐವಿ ಬಳ್ಳಿಗೆ ಹೋಲಿಸಿ ವರ್ಣಿಸಿದ. ನಿಜಕ್ಕೂ ಇದು ಐವಿಯ ಕುಲಕ್ಕೆ ಸೇರಿದ್ದಲ್ಲ. ಇದರ ಬಂಧುಬಳಗದಲ್ಲಿ ಇರುವುದು ಮಾವು, ಗೋಡಂಬಿ, ಪಿಸ್ತಾ! ನೆಂಟಸ್ತಿಕೆಯ ಈ ಮಾತು ಮುಂದೆ ಮತ್ತೆ ಬರುತ್ತದೆ.

ಬಳ್ಳಿಯ ಎಲೆ, ಕಾಂಡ, ಬೇರು, ಕಾಯಿ ಎಲ್ಲದರೊಳಗೂ ಸಣ್ಣ ನಾಳಗಳಲ್ಲಿ ಒಂದು ಸೊನೆ ಇದೆ. ಎಲೆ ಹರಿಯದೆ, ಜಜ್ಜಿಹೋಗದೆ ಇದ್ದರೆ ಅದು ಹೊರಗೆ ಬರುವುದಿಲ್ಲ. ಆದರೆ ಈ ಎಲೆ ಬಹಳ ನಾಜೂಕು. ಹುಳು ಕಚ್ಚಿದರೂ ಗಾಳಿಗೆ ಉಜ್ಜಿದರೂ ಎಲ್ಲೋ ಒಂದು ಕಡೆ ಒಡೆದಿರುತ್ತದೆ. ಸೊನೆಯಲ್ಲಿರುವ ಎಣ್ಣೆಯ ಹೆಸರು ಉರುಶಿಯಾಲ್. ಜಪಾನಿನವರು ಮರದ ಬಟ್ಟಲು, ಪೆಟ್ಟಿಗೆಗಳಿಗೆ ಬಳಿಯುವ ಮೆರುಗೆಣ್ಣೆಗೆ ಉರುಶಿ ಎನ್ನುತ್ತಾರೆ. ಅದು ಬರುವ ಮರವೂ ಐವಿಯ ದಾಯಾದಿ, ಎರಡರ ಎಣ್ಣೆಯೂ ಒಂದೇ ಬಗೆಯದು. ಅದರ ರಾಸಾಯನಿಕ ರಚನೆಯನ್ನು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಬಿಡಿಸಿಟ್ಟವರು ಜಪಾನಿನ ರಸಾಯನ ವಿಜ್ಞಾನಿ ರಿಕೊ ಮಜಿಮ. ಕ್ಯಾಟೆಕಾಲ್ ಎಂಬ ಪುಟ್ಟ ಉಂಗುರ, ಅದಕ್ಕೆ ಬಾಲದಂತೆ ಅಂಟಿದ 15 ಅಥವಾ 17 ಇಂಗಾಲದ ಪರಮಾಣುಗಳ ಸರಪಳಿ. ಈ ಉದ್ದ ಬಾಲವೇ ಎಲ್ಲ ತೊಂದರೆಗೂ ಮೂಲ. ಬಾಲ ಇರುವುದರಿಂದ ಅದು ನೀರಿಗೆ ಬಗ್ಗುವುದಿಲ್ಲ. ಚರ್ಮದ ಜಿಡ್ಡಿನೊಳಕ್ಕೆ ಮಾತ್ರ ಸಲೀಸಾಗಿ ಇಳಿಯುತ್ತದೆ.

ಹಲಸಿನ ಹಣ್ಣು ಬಿಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಣ ಹತ್ತಿದ ಕೈಯನ್ನು ಎಷ್ಟು ನೀರಿನಲ್ಲಿ ತೊಳೆದರೂ ಅಂಟು ಜಪ್ಪಯ್ಯ ಎನ್ನುವುದಿಲ್ಲ. ಕತ್ತಿಯ ಹಿಡಿಗೆ ಹತ್ತಿದ್ದು ಬಾಗಿಲ ಚಿಲಕಕ್ಕೆ, ಚಿಲಕದಿಂದ ಸೆರಗಿಗೆ, ಸೆರಗಿನಿಂದ ಮಗುವಿನ ಕೂದಲಿಗೆ. ಉರುಶಿಯಾಲ್ ಕೂಡ ಹೀಗೇ ಪಯಣಿಸುತ್ತದೆ. ವ್ಯತ್ಯಾಸ ಒಂದೇ: ಹಲಸಿನ ಮೇಣ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಅಂಟುತ್ತದೆ. ಉರುಶಿಯಾಲ್ ತೆಳುವಾಗಿ ಹರಡಿದಾಗ ಬಣ್ಣವಿಲ್ಲ, ವಾಸನೆಯಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ.

ಎಷ್ಟು ತಾಗಿದರೆ ಸಾಕು? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕದ ಪ್ರಕಾರ 50 ಮೈಕ್ರೋಗ್ರಾಂಗಿಂತ ಕಡಿಮೆ ಎಣ್ಣೆ, ಅಂದರೆ ಒಂದು ಉಪ್ಪಿನ ಹರಳಿಗಿಂತ ಕಡಿಮೆ, ವಯಸ್ಕರಲ್ಲಿ ನೂರಕ್ಕೆ 80ರಿಂದ 90 ಜನರಿಗೆ ಗುಳ್ಳೆ ಬರಿಸುತ್ತದೆ. ಲೆಕ್ಕ ಇಷ್ಟವಿರುವ ವಿದ್ಯಾರ್ಥಿಗಳು ಭಾಗಿಸಿ ನೋಡಬಹುದು. ಒಂದು ಗ್ರಾಂ ಎಣ್ಣೆಯನ್ನು 50 ಮೈಕ್ರೋಗ್ರಾಂನಂತೆ ಹಂಚಿದರೆ ಇಪ್ಪತ್ತು ಸಾವಿರ ಜನರಿಗೆ ಸಾಕಾಗುತ್ತದೆ. ಷೂ ಲೇಸಿನ ಎಳೆಗಳ ನಡುವೆ, ನಾಯಿಯ ತುಪ್ಪುಳದೊಳಗೆ, ಕ್ರಿಕೆಟ್ ಬ್ಯಾಟಿನ ಹಿಡಿಗೆ ಸುತ್ತಿದ ರಬ್ಬರಿನಲ್ಲಿ ಅಷ್ಟು ಅಡಗುವುದು ಎಷ್ಟರ ಮಾತು!

ಹೆಸರಿನಲ್ಲಿ ವಿಷ ಎಂದಿದ್ದರೂ ಉರುಶಿಯಾಲ್ ನೇರವಾಗಿ ಚರ್ಮವನ್ನು ಸುಡುವ ವಿಷವಲ್ಲ. ಜಿಂಕೆ, ಮೇಕೆಗಳು ಇದರ ಎಲೆಯನ್ನು ಆರಾಮವಾಗಿ ಮೇಯುತ್ತವೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಎಣ್ಣೆಯಲ್ಲಿ ಅದ್ದಿಹೋದರೂ ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತೊಂದರೆ ಬಹುಮಟ್ಟಿಗೆ ಮನುಷ್ಯನಿಗೇ, ಅದೂ ಅವನ ಮೈಯೇ ತಂದುಕೊಂಡದ್ದು. ಚರ್ಮದೊಳಕ್ಕೆ ಇಳಿದ ಉರುಶಿಯಾಲ್ ಅಲ್ಲಿ ಮಾರ್ಪಾಡಾಗಿ ಚರ್ಮದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಆ ಪ್ರೋಟೀನಿನ ಮುಖಚಹರೆ ಬದಲಾಗುತ್ತದೆ. ಚರ್ಮದಲ್ಲಿರುವ ಕಾವಲುಕೋಶಗಳು ಈ ಬದಲಾದ ಮುಖವನ್ನು ಹತ್ತಿರದ ಹಾಲ್ರಸ ಗ್ರಂಥಿಗೆ ಹೊತ್ತೊಯ್ದು ಅಲ್ಲಿನ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಟಿ-ಕೋಶಗಳು ಇದು ಪರಕೀಯ ಎಂದು ನೆನಪಿಟ್ಟುಕೊಳ್ಳುತ್ತವೆ. ಮುಂದಿನ ಬಾರಿ ಎಣ್ಣೆ ತಾಗಿದಾಗ ದಂಡು ಕಟ್ಟಿಕೊಂಡು ಬಂದು ತಮ್ಮದೇ ಚರ್ಮದ ಮೇಲೆ ಎರಗುತ್ತವೆ. ಕಳ್ಳ ಹೊಕ್ಕ ಎಂದು ಮನೆಗೇ ಬೆಂಕಿ ಹಚ್ಚಿದ ಹಾಗೆ.

ಈ ದಂಡು ಸೇರಲು ಸಮಯ ಬೇಕು. ಮೈ ಮೊದಲೇ ಎಣ್ಣೆಯ ಪರಿಚಯ ಮಾಡಿಕೊಂಡಿದ್ದರೆ ಅರ್ಧ ದಿನದಿಂದ ಮೂರು ದಿನ. ಜೀವಮಾನದ ಮೊದಲ ಭೇಟಿಯಾದರೆ ಒಂದರಿಂದ ಮೂರು ವಾರ. ಆದ್ದರಿಂದಲೇ ಕಾರಣ ಹುಡುಕುವವರು ದಾರಿ ತಪ್ಪುತ್ತಾರೆ. ಸೋಮವಾರ ಗುಳ್ಳೆ ಎದ್ದರೆ ಸೋಮವಾರ ತಿಂದದ್ದರ ಮೇಲೆ, ಭಾನುವಾರ ಮನೆಗೆ ಬಂದ ನೆಂಟರ ಮಗುವಿನ ಮೇಲೆ ಅನುಮಾನ. ಶುಕ್ರವಾರ ಸಂಜೆ ಕಟ್ಟಿಗೆ ಹೊತ್ತದ್ದು ಯಾರಿಗೂ ನೆನಪಾಗುವುದಿಲ್ಲ.

ಗುಳ್ಳೆಯ ನೀರು ಸೋರಿ ಮುಂದಿನ ಜಾಗಕ್ಕೆ ಹಬ್ಬುತ್ತದೆ ಎಂಬ ನಂಬಿಕೆ ಅಮೆರಿಕದಲ್ಲೂ ಗಟ್ಟಿಯಾಗಿ ಬೇರೂರಿದೆ. ಗುಳ್ಳೆಯೊಳಗಿನ ನೀರು ಮೈಯದೇ ನೀರು. ಅದರಲ್ಲಿ ಉರುಶಿಯಾಲ್ ಇರುವುದಿಲ್ಲ. ಹಾಗಾದರೆ ಇವತ್ತು ಮುಂಗೈ, ನಾಳೆ ಹೊಟ್ಟೆ, ನಾಡಿದ್ದು ಮೊಣಕಾಲು ಎಂದು ದಿನಕ್ಕೊಂದು ಕಡೆ ಏಳುವುದೇಕೆ? ಎರಡು ಕಾರಣ. ತೆಳು ಚರ್ಮದಲ್ಲಿ ಎಣ್ಣೆ ಬೇಗ ಇಳಿಯುತ್ತದೆ, ದಪ್ಪ ಚರ್ಮದಲ್ಲಿ ನಿಧಾನ. ಹೆಚ್ಚು ತಾಗಿದಲ್ಲಿ ಮೊದಲು, ಕಡಿಮೆ ತಾಗಿದಲ್ಲಿ ಆಮೇಲೆ. ಎರಡನೆಯ ಕಾರಣವೇ ಹೆಚ್ಚು ಮುಖ್ಯ. ಎಣ್ಣೆ ಹತ್ತಿದ ವಸ್ತು ಇನ್ನೂ ಮನೆಯಲ್ಲೇ ಇದೆ, ಅದನ್ನು ದಿನವೂ ಮುಟ್ಟುತ್ತಿದ್ದಾರೆ. ಗುಳ್ಳೆ ಎದ್ದವರನ್ನು ತಬ್ಬಿಕೊಂಡರೂ ಏನೂ ಆಗದು. ಅವರು ಕಳಚಿಟ್ಟ ಅಂಗಿಯನ್ನು ಒಗೆಯದೆ ಹಾಕಿಕೊಂಡರೆ ಆಗುತ್ತದೆ. ಅನುಭವಿ ಚರ್ಮವೈದ್ಯರು ಯಾರನ್ನು ಮುಟ್ಟಿದಿರಿ ಎಂದು ಕೇಳುವುದಿಲ್ಲ, ಏನನ್ನು ಮುಟ್ಟಿದಿರಿ ಎಂದು ಕೇಳುತ್ತಾರೆ. ಗುಳ್ಳೆಯ ಆಕಾರವೇ ಅವರಿಗೆ ಅರ್ಧ ಕಥೆ ಹೇಳಿರುತ್ತದೆ. ಗೆರೆ ಗೆರೆಯಾಗಿದ್ದರೆ ಎಲೆ ಸವರಿದ್ದು ಅಥವಾ ಎಣ್ಣೆ ಬೆರಳಿನಿಂದ ಕೆರೆದುಕೊಂಡದ್ದು. ಕಣಕಾಲಿನ ಸುತ್ತ ಬಳೆಯಂತೆ ಇದ್ದರೆ ಕಾಲುಚೀಲ. ಅಂಗೈ ಬಿಟ್ಟು ಬೆರಳ ಸಂದಿಯಲ್ಲಿದ್ದರೆ ಕೈಯಲ್ಲಿ ಹಿಡಿದದ್ದು ಏನೋ ಇದೆ, ಏಕೆಂದರೆ ಅಂಗೈಯ ಚರ್ಮ ದಪ್ಪ.

ಎಣ್ಣೆ ಎಷ್ಟು ದಿನ ಸತ್ವ ಉಳಿಸಿಕೊಂಡಿರುತ್ತದೆ ಎಂಬುದು ವಸ್ತು ಒಣಗಿದೆಯೋ ತೇವವಾಗಿದೆಯೋ ಎಂಬುದರ ಮೇಲೆ ನಿಂತಿದೆ. ಇದನ್ನು ತಿಳಿಯಲು ಜಪಾನಿನ ಮೆರುಗೆಣ್ಣೆಯ ಕುಶಲಕರ್ಮಿಗಳ ಬಳಿಗೆ ಹೋಗಬೇಕು. ಬಣ್ಣ ಬಳಿದ ಮೇಲೆ ಯಾರಾದರೂ ಬಿಸಿಲಿಗೆ ಒಣಹಾಕುತ್ತಾರೆ. ಅವರು ಮಾಡುವುದು ತಿರುಗಾ ಮುರುಗಾ. ಉರುಶಿ ಬಳಿದ ಬಟ್ಟಲನ್ನು ಬೆಚ್ಚಗಿನ, ತೇವ ತುಂಬಿದ ಕಪಾಟಿನೊಳಗೆ ಇಡುತ್ತಾರೆ. ಅಲ್ಲಿ ಅದು ಗಟ್ಟಿಯಾಗುತ್ತದೆ. 1883ರಲ್ಲಿ ಹಿಕೊರೊಕುರೊ ಯೋಶಿದಾ ಎಂಬ ವಿಜ್ಞಾನಿ ಇದರ ಕಾರಣ ಸೊನೆಯೊಳಗಿನ ಒಂದು ಕಿಣ್ವ ಎಂದು ತೋರಿಸಿದರು. ಈಗ ಅದಕ್ಕೆ ಲಾಕೇಸ್ ಎಂದು ಹೆಸರು. ತೇವ ಮತ್ತು ಗಾಳಿ ಸಿಕ್ಕರೆ ಈ ಕಿಣ್ವ ಉರುಶಿಯಾಲಿನ ಅಣುಗಳನ್ನು ಒಂದಕ್ಕೊಂದು ಹೆಣೆದು ಕಪ್ಪು ಹೊಳಪಿನ ಗಟ್ಟಿ ಪದರ ಮಾಡುತ್ತದೆ. ಪೂರ್ತಿ ಹೆಣೆದುಕೊಂಡ ಮೇಲೆ ಅದರಿಂದ ತೊಂದರೆಯಿಲ್ಲ. ಅದರಲ್ಲಿ ಊಟವನ್ನೇ ಮಾಡುತ್ತಾರೆ. ಅರೆಬರೆ ಗಟ್ಟಿಯಾದ ಸಾಮಾನು ಪೇಟೆಗೆ ಬಂದರೆ ಮಾತ್ರ ಫಜೀತಿ. 1920ರ ದಶಕದಲ್ಲಿ ಮಾಜಾಂಗ್ ಎಂಬ ಚೀನೀ ಆಟದ ಹುಚ್ಚು ಅಮೆರಿಕಕ್ಕೆ ಹಬ್ಬಿದಾಗ ಅದರ ಮೆರುಗೆಣ್ಣೆ ಬಳಿದ ಪೆಟ್ಟಿಗೆಗಳ ಜತೆಗೇ ಗುಳ್ಳೆಯೂ ಬಂದು, ವೈದ್ಯರ ಪುಸ್ತಕದಲ್ಲಿ ಆ ಆಟದ ಹೆಸರಿನದೇ ಒಂದು ಚರ್ಮವ್ಯಾಧಿ ಸೇರಿಕೊಂಡಿತು. (ನಮ್ಮ ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಯಾರೂ ಗಾಬರಿಯಾಗಬೇಕಿಲ್ಲ. ಅದಕ್ಕೆ ಹಚ್ಚುವ ಅರಗು ಒಂದು ಕೀಟದ ಕೊಡುಗೆ. ಅದಕ್ಕೂ ಉರುಶಿಗೂ ನಂಟಿಲ್ಲ.)

ಐವಿಯ ಸೊನೆಯೂ ಹೀಗೆಯೇ ಗಾಳಿಗೆ ಕಪ್ಪಾಗುತ್ತದೆ. ಎಲೆಯನ್ನು ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಕಲ್ಲಿನಿಂದ ಜಜ್ಜಿದರೆ ಕೆಲವೇ ನಿಮಿಷಗಳಲ್ಲಿ ಕಂದು ಬಣ್ಣ ಮೂಡಿ ಆಮೇಲೆ ಕಪ್ಪು ಕಲೆಯಾಗುತ್ತದೆ. ಸಸ್ಯತಜ್ಞರು ಗಿಡದ ಗುರುತು ಹಿಡಿಯಲು ಇದನ್ನೇ ಬಳಸುತ್ತಾರೆ. ಆದರೆ ಶೆಡ್ಡಿನಲ್ಲಿ ಒಣಗಿಕೊಂಡು ನೇತಾಡುವ ಕತ್ತರಿಯ ಮೇಲೆ ಈ ಹೆಣಿಗೆ ಪೂರ್ತಿಯಾಗುವುದಿಲ್ಲ. ತೆಳುವಾಗಿ ಸವರಿಹೋದ ಎಣ್ಣೆ ಹಾಗೆಯೇ ಕುಳಿತಿರುತ್ತದೆ. ವಸ್ತುಗಳ ಮೇಲೆ ಅದು ಐದು ವರ್ಷದವರೆಗೂ ಸತ್ವ ಉಳಿಸಿಕೊಳ್ಳಬಲ್ಲದು ಎಂದು ಅಮೆರಿಕದ ಆರೋಗ್ಯ ಇಲಾಖೆಯ ಎಚ್ಚರಿಕೆ. ಹಿಂದಿನ ವರ್ಷದ ತೋಟದ ಕೈಗವಸು, ಕಳೆದ ಬೇಸಿಗೆಯ ಶಿಬಿರದ ಡೇರೆ, ಮಾಳಿಗೆಯಲ್ಲಿ ಸುತ್ತಿಟ್ಟ ಹಗ್ಗ, ಇವುಗಳನ್ನು ಹೊರತೆಗೆದವರಿಗೆ ಹಿಮ ಬೀಳುವ ಜನವರಿಯಲ್ಲೂ ಗುಳ್ಳೆ ಏಳುವುದು ಹೀಗೆ. ಚಳಿಗಾಲದಲ್ಲಿ ಎಲೆಯಿಲ್ಲದೆ ಬೋಳಾಗಿರುವ ಬಳ್ಳಿಯ ಕಾಂಡ ಮತ್ತು ಬೇರಿನಲ್ಲೂ ಎಣ್ಣೆ ಇದ್ದೇ ಇರುತ್ತದೆ. ಬಳ್ಳಿ ಸುತ್ತಿದ ಸೌದೆಯನ್ನು ತಿಳಿಯದೆ ಹೊತ್ತವರು ಕತ್ತು, ಭುಜದ ಮೇಲೆ ಅದರ ಗುರುತು ಹೊತ್ತುಕೊಳ್ಳುತ್ತಾರೆ.

ಅದನ್ನು ಒಲೆಗೆ ಹಾಕಿದರಂತೂ ದೇವರೇ ಗತಿ. ಉರುಶಿಯಾಲ್ ತಾನಾಗಿ ಆವಿಯಾಗಿ ಹಾರುವ ಎಣ್ಣೆಯಲ್ಲ. ಗಿಡದ ಪಕ್ಕದಲ್ಲಿ ನಡೆದ ಮಾತ್ರಕ್ಕೆ ಏನೂ ಆಗದು. ಆದರೆ ಸುಟ್ಟಾಗ ಹೊಗೆಯ ಮಸಿಕಣಗಳ ಮೇಲೆ ಕುಳಿತು ಸವಾರಿ ಹೊರಡುತ್ತದೆ. ಅಂಥ ಹೊಗೆ ಕುಡಿದವರ ಗಂಟಲು, ಶ್ವಾಸಕೋಶಗಳೇ ಊದಿಕೊಳ್ಳುತ್ತವೆ. ಕಾಳ್ಗಿಚ್ಚು ಆರಿಸುವ ಸಿಬ್ಬಂದಿಗೆ ಇದು ಪ್ರಾಣಕ್ಕೇ ಎರವಾಗಬಲ್ಲ ಅಪಾಯ. ಹಿತ್ತಿಲಿನ ಕಸ ಒಟ್ಟುಮಾಡಿ ಸುಡುವ ನಮ್ಮವರ ಅಭ್ಯಾಸವನ್ನು ಅಮೆರಿಕದಲ್ಲಿ ಮನೆಮಾಡಿದ ಕನ್ನಡಿಗರು ಅಲ್ಲಿಗೂ ಒಯ್ಯದಿರುವುದೇ ಒಳ್ಳೆಯದು.

ಈ ಎಣ್ಣೆ ವಸ್ತುವಿನ ಮೂಲಕ ಎಷ್ಟು ದೂರ ಬಂದು ಕಾಡಬಲ್ಲದು ಎಂಬುದಕ್ಕೆ ಅತಿ ಸ್ವಾರಸ್ಯದ ದೃಷ್ಟಾಂತ ಇರುವುದು ಅಮೆರಿಕದಲ್ಲಲ್ಲ, ಭಾರತದಲ್ಲಿ. ಎರಡನೆಯ ಮಹಾಯುದ್ಧದ ಕಾಲ. ಬರ್ಮಾದ ಕಡೆಗೆ ಲೆಡೋ ರಸ್ತೆ ಕಡಿಯಲು ಅಮೆರಿಕದ ಸೈನಿಕರು ಅಸ್ಸಾಮಿಗೆ ಬಂದಿದ್ದರು. ಅಲ್ಲಿನ ಸೈನಿಕ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು. ನೋಡಿದರೆ ಥೇಟ್ ಪಾಯಿಸನ್ ಐವಿಯ ಗುಳ್ಳೆ. ಆದರೆ ಅಸ್ಸಾಮಿನಲ್ಲಿ ಅಮೆರಿಕದ ಐವಿ ಎಲ್ಲಿಂದ ಬರಬೇಕು? ಗುಳ್ಳೆ ಏಳುತ್ತಿದ್ದ ಜಾಗವೂ ವಿಚಿತ್ರ. ಕಾಡಿನಲ್ಲಿ ಅಲೆದವರ ಕೈಕಾಲಿನ ಮೇಲಲ್ಲ, ಹಿಂಗತ್ತಿನ ನಡುವೆ, ಸೊಂಟದಲ್ಲಿ, ಒಂದು ಸಣ್ಣ ತುಣುಕಿನಷ್ಟು ಜಾಗದಲ್ಲಿ ಮೊದಲಾಗುತ್ತಿತ್ತು.

ಉತ್ತರ ಸಿಕ್ಕಿದ್ದು ಅಂಗಿಯ ಕಾಲರಿನ ಒಳಮಗ್ಗುಲಲ್ಲಿ. ಬಟ್ಟೆ ಒಗೆಯಲು ಒಯ್ದ ಮಡಿವಾಳರು ಯಾರ ಬಟ್ಟೆ ಯಾರದೆಂದು ತಿಳಿಯಲು ಅಲ್ಲೊಂದು ಸಣ್ಣ ಕಪ್ಪು ಗುರುತು ಹಾಕಿದ್ದರು. ಗುರುತು ಎಲ್ಲಿ ಮೈಗೆ ತಾಗುತ್ತಿತ್ತೋ ಗುಳ್ಳೆ ಅಲ್ಲೇ. ವೈದ್ಯ ಕ್ಲಾರೆನ್ಸ್ ಲಿವಿಂಗುಡ್ ಮತ್ತು ಅವರ ಸಂಗಡಿಗರು ಇದನ್ನು 1943ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಮಾಡಿದರು. ಅವರು ಇಟ್ಟ ಹೆಸರಿನಲ್ಲೇ ಧೋಬಿ ಗುರುತು ಎಂಬ ಮಾತಿದೆ.

ಆ ಕಪ್ಪು ಶಾಯಿ ನಮ್ಮಲ್ಲಿ ಹಳಬರಿಗೆಲ್ಲ ಗೊತ್ತಿದ್ದ ಗೇರೆಣ್ಣೆ. ಕರಿಗೇರು, ಗುಡ್ಡೆಗೇರು ಎಂದೆಲ್ಲ ಕರೆಸಿಕೊಳ್ಳುವ ಮರದ ಕಾಯಿಯ ರಸ. ಸಂಸ್ಕೃತದಲ್ಲಿ ಭಲ್ಲಾತಕ. (ಕರಾವಳಿಯವರು ಗೇರು ಎನ್ನುವ ಗೋಡಂಬಿ ಇದರ ಸೋದರ ಸಂಬಂಧಿ, ಇದೇ ಅಲ್ಲ.) ಕಾಯಿಯನ್ನು ಸೂಜಿಯಿಂದ ಚುಚ್ಚಿ, ಒಸರಿದ ರಸದಿಂದ ಬಟ್ಟೆಯ ಮೇಲೆ ಚುಕ್ಕೆಯನ್ನೋ ಗೀಟನ್ನೋ ಎಳೆದು, ಮೇಲೆ ಸುಣ್ಣ ತಾಗಿಸಿದರೆ ಕಪ್ಪು ಗುರುತು ಕೂರುತ್ತದೆ. ಆಮೇಲೆ ಬಟ್ಟೆಯನ್ನು ಸವಳಿನಲ್ಲಿ ಕುದಿಸಿದರೂ ಬಂಡೆಗೆ ಬಡಿದರೂ ಅದು ಹೋಗುವುದಿಲ್ಲ. ಮರಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ಸೆಮಿಕಾರ್ಪಸ್ ಎಂಬ ಹೆಸರಿನ ಅರ್ಥವೇ ಗುರುತಿನ ಕಾಯಿ ಎಂದು. ಅದರ ರಸದಲ್ಲಿರುವುದೂ ಉರುಶಿಯಾಲಿನಂಥದೇ ಉಂಗುರ, ಅಂಥದೇ ಉದ್ದ ಬಾಲ. ತವರಿನಲ್ಲಿ ಐವಿಯನ್ನು ಶತ್ರುವೆಂದು ಕಲಿತು ಬಂದ ಟಿ-ಕೋಶಗಳಿಗೆ ಅಸ್ಸಾಮಿನ ಅಂಗಿಯ ಚುಕ್ಕೆಯಲ್ಲೂ ಅದೇ ಮುಖ ಕಂಡಿತು. ತವರಿನ ಬಳ್ಳಿಗೂ ಇಲ್ಲಿನ ಮರಕ್ಕೂ ನಡುವೆ ಸಾವಿರಾರು ಮೈಲಿಯ ಸಾಗರಗಳಿದ್ದರೂ ಮೈಗೆ ಅದರ ಲೆಕ್ಕವಿಲ್ಲ!

ಇಲ್ಲಿ ಮಡಿವಾಳರ ಪರವಾಗಿ ಒಂದು ಮಾತು ಹೇಳಲೇಬೇಕು. ಬ್ರಿಟಿಷರ ಕಾಲದಿಂದಲೂ ಇಂಗ್ಲಿಷಿನಲ್ಲಿ ಧೋಬಿ ತುರಿಕೆ ಎಂಬ ಇನ್ನೊಂದು ಪದ ಇದೆ. ತೊಡೆಸಂದಿಯಲ್ಲಿ ಬರುವ ಕಜ್ಜಿಗೆ ದೊರೆಗಳು ಇಟ್ಟ ಹೆಸರು ಅದು. ಅಗಸನ ಕೊಳಕು ಕೆರೆಯಿಂದ ಬಂದದ್ದೆಂಬ ಗುಮಾನಿ. ಆ ಕಜ್ಜಿ ಬೆವರಿದ ಮೈಯಲ್ಲಿ ಬೆಳೆಯುವ ಶಿಲೀಂಧ್ರದ್ದು, ಸೆಖೆಯಲ್ಲಿ ಬಿಗಿ ಉಡುಪು ತೊಟ್ಟ ದೊರೆಗಳು ತಾವಾಗಿ ಸಂಪಾದಿಸಿದ್ದು. ಅದಕ್ಕೂ ಗೇರೆಣ್ಣೆಗೂ ಏನೇನೂ ಸಂಬಂಧವಿಲ್ಲ. ಒಂದು ತುರಿಕೆ ಎದ್ದಾಗ ಕಾರಣವಾದ ವಸ್ತುವನ್ನು ಹುಡುಕುವ ಬದಲು ಕೆಳಗಿನ ಮನುಷ್ಯನನ್ನು ಹುಡುಕುವುದು ಹೊಸ ಚಾಳಿಯೇನಲ್ಲ. ಗೇರೆಣ್ಣೆಯ ಅಪಾಯ ಮಡಿವಾಳರಿಗೆ ದೊರೆಗಳಿಗಿಂತ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ದಿನವೂ ಅದನ್ನು ಕೈಯಲ್ಲಿ ಹಿಡಿಯುತ್ತಿದ್ದವರು ಅವರೇ. ಭಲ್ಲಾತಕವನ್ನು ಔಷಧಕ್ಕೆ ಬಳಸುವ ಆಯುರ್ವೇದ ಪಂಡಿತರೂ ಅದನ್ನು ಹಾಗೇ ಮುಟ್ಟುವುದಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಾಯಿಯನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ರಸ ಹೀರಿಸಿ, ಆಮೇಲೆ ಮುಂದಿನ ಕೆಲಸ.

ಮಲೆನಾಡಿನವರಿಗೆ ಈ ಬಳಗದ ಇನ್ನೊಬ್ಬ ಸದಸ್ಯ ಗೊತ್ತು: ಹೊಳೆಗೇರು. ಹೊಲಗೇರು ಎಂದೂ ಹೇಳುತ್ತಾರೆ. ತೊಗಟೆ ಗಾಯವಾದರೆ ಒಸರುವ ಸೊನೆ ಗಾಳಿಗೆ ಕಪ್ಪಾಗುತ್ತದೆ, ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಕುಲದ ಹೆಸರು ಹೊಲಿಗಾರ್ನ, ಕನ್ನಡದ ಹೆಸರನ್ನೇ ಲ್ಯಾಟಿನ್ನಿಗೆ ಬಾಗಿಸಿದ್ದು. ಮರ ಕಡಿದವನ ಕೊಡಲಿಯ ಕಾವನ್ನು ಮರುದಿನ ಹಿಡಿದವನಿಗೂ ಬೊಬ್ಬೆ ಎದ್ದರೆ ಅದು ಯಾರ ದೃಷ್ಟಿಯೂ ಅಲ್ಲ, ಮರದ ಶಾಪವೂ ಅಲ್ಲ. ಗೋಡಂಬಿಯ ಸಿಪ್ಪೆಯೊಳಗಿನ ಎಣ್ಣೆಯೂ ಇದೇ ಜಾತಿ. ಹುರಿದು ಸಿಪ್ಪೆ ಒಡೆಯುವವರ ಬೆರಳುಗಳನ್ನು ನೋಡಿದರೆ ಸಾಕು. 1982ರ ಏಪ್ರಿಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಬೇಸ್‌ಬಾಲ್ ಸಂಘದವರು ಮಾರಿದ ಗೋಡಂಬಿ ತಿಂದು 54 ಜನರಿಗೆ ಐವಿಯಂಥ ದದ್ದು ಎದ್ದಿತ್ತು. ಮೊಜಾಂಬಿಕ್‌ನಿಂದ ಬಂದ ಆ ಬೀಜಗಳ ಪೊಟ್ಟಣದಲ್ಲಿ ಸಿಪ್ಪೆಯ ಚೂರುಗಳು ಬೆರೆತಿದ್ದವು. ಸಿಪ್ಪೆ ಚೆನ್ನಾಗಿ ಬಿಡಿಸಿದ ಗೋಡಂಬಿಯಿಂದ ಇಂಥ ಭಯವಿಲ್ಲ.

ಎಣ್ಣೆ ತಾಗಿದೆ ಎಂದು ತಿಳಿದ ಕೂಡಲೇ ಮಾಡಬೇಕಾದ್ದೇನು? ಗಡಿಯಾರ ನೋಡಿಕೊಂಡು ತೊಳೆಯುವುದು. ಹತ್ತು ನಿಮಿಷದಲ್ಲಿ ತೊಳೆದರೆ ಸುಮಾರು ಅರ್ಧದಷ್ಟು, ಹದಿನೈದು ನಿಮಿಷಕ್ಕೆ ಕಾಲುಭಾಗ, ಅರ್ಧ ಗಂಟೆಯಾದ ಮೇಲೆ ಹತ್ತರಲ್ಲೊಂದು ಪಾಲು ಮಾತ್ರ ಹೋಗುತ್ತದೆ ಎಂದು ಚರ್ಮವೈದ್ಯರ ಲೆಕ್ಕ. ಉಳಿದದ್ದು ಆಗಲೇ ಚರ್ಮದ ಪಾಲು. ಬರೀ ನೀರು ಸಾಲದು, ಸೋಪು ಬೇಕು. ಅದಕ್ಕಿಂತ ಹೆಚ್ಚಾಗಿ ಬಟ್ಟೆಯ ತುಂಡಿನಿಂದ ಮತ್ತೆ ಮತ್ತೆ ಉಜ್ಜಿ ತೊಳೆಯಬೇಕು. ಹಲಸಿನ ಮೇಣದ ಕೈಯನ್ನು ಒಮ್ಮೆ ನೀರಿಗೆ ತೋರಿಸಿ ಯಾರೂ ಬಿಡುವುದಿಲ್ಲವಲ್ಲ, ಹಾಗೆ. ಅಂಗಡಿಯಲ್ಲಿ ಇದಕ್ಕೆಂದೇ ದುಬಾರಿ ದ್ರಾವಣಗಳು ಸಿಗುತ್ತವೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥದೊಂದು ದ್ರಾವಣ, ಗ್ಯಾರೇಜಿನವರು ಗ್ರೀಸ್ ತೊಳೆಯುವ ಪೇಸ್ಟು ಮತ್ತು ಪಾತ್ರೆ ತೊಳೆಯುವ ಸಾಮಾನ್ಯ ಸೋಪುನೀರು ಮೂರನ್ನೂ ಸ್ವಯಂಸೇವಕರ ಕೈಮೇಲೆ ಹೋಲಿಸಿ ನೋಡಿದರು. ಮೂರೂ ಗುಳ್ಳೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿದವು. ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಇತ್ತು.

ಮೈ ತೊಳೆದಷ್ಟೇ ಶ್ರದ್ಧೆ ಸಾಮಾನುಗಳ ಮೇಲೂ ಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಬಟ್ಟೆಯನ್ನು ಬೇರೆ ಬಟ್ಟೆಗಳ ರಾಶಿಗೆ ಎಸೆಯದೆ ಪ್ರತ್ಯೇಕವಾಗಿ, ಬಿಸಿನೀರು ಮತ್ತು ಸೋಪಿನಲ್ಲಿ ಒಗೆಯಬೇಕು. ಕತ್ತರಿ, ಸಲಿಕೆ, ಬಾಗಿಲ ಹಿಡಿ, ಕಾರಿನ ಸ್ಟೀರಿಂಗನ್ನು ಸ್ಪಿರಿಟ್ಟಿನಲ್ಲೋ ಸೋಪುನೀರಿನಲ್ಲೋ ಒರೆಸಬೇಕು. ಒರೆಸಿದ ಚಿಂದಿಯನ್ನು ಬಿಸಾಡಬೇಕು. ಷೂ ಲೇಸನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ನಾಯಿಗೆ ಕೈಗವಸು ತೊಟ್ಟುಕೊಂಡು ಶ್ಯಾಂಪೂ ಸ್ನಾನ. ಕೈಗವಸಿನ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಡಾಕ್ಟರುಗಳು ತೊಡುವ ತೆಳು ರಬ್ಬರ್ ಗವಸಿನ ಮೂಲಕ ಈ ಎಣ್ಣೆ ನುಸುಳಿ ಬರುತ್ತದೆ, ದಪ್ಪ ವಿನೈಲ್ ಗವಸು ತಡೆಯುತ್ತದೆ. ಚರ್ಮದ ಗವಸು ಎಣ್ಣೆಯನ್ನು ಹೀರಿಕೊಂಡು ಜೋಪಾನ ಮಾಡುತ್ತದೆ, ಅದನ್ನು ಎಸೆಯುವುದೇ ವಾಸಿ.

ಗುಳ್ಳೆ ಎದ್ದ ಮೇಲೆ ತಣ್ಣೀರ ಪಟ್ಟಿ, ಕ್ಯಾಲಮೈನ್ ಲೇಪ, ಕತ್ತರಿಸಿದ ಉಗುರು ಮತ್ತು ತಾಳ್ಮೆ. ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಗುಳ್ಳೆ ಒಡೆದರೆ ರೋಗ ಹಬ್ಬುವುದಿಲ್ಲ ನಿಜ, ಆದರೆ ಕೆರೆದ ಗಾಯಕ್ಕೆ ಕೀವು ಆಗಬಹುದು. ಮುಖ, ಕಣ್ಣು ಊದಿಕೊಂಡರೆ, ಮೈತುಂಬ ಎದ್ದರೆ, ಹೊಗೆ ಕುಡಿದು ಉಸಿರಿಗೆ ತೊಂದರೆಯಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು. ವೈದ್ಯರು ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಹೇಳಿದಷ್ಟು ದಿನವೂ ನುಂಗಬೇಕು. ನಾಲ್ಕು ದಿನಕ್ಕೆ ತುರಿಕೆ ನಿಂತಿತೆಂದು ಬಿಟ್ಟರೆ ಗುಳ್ಳೆ ಮರಳಿ ಬರುವುದುಂಟು.

ಬಳ್ಳಿಯೇನೂ ಬಡವಾಗುತ್ತಿಲ್ಲ. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ಅರಣ್ಯದಲ್ಲಿ ವರ್ಷಗಟ್ಟಲೆ ಗಾಳಿಗೆ ಹೆಚ್ಚುವರಿ ಇಂಗಾಲದ ಡೈ ಆಕ್ಸೈಡ್ ಬಿಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಆ ಗಾಳಿಯಲ್ಲಿ ಐವಿ ಎರಡು ಪಟ್ಟಿಗೂ ಮಿಕ್ಕ ವೇಗದಲ್ಲಿ ಬೆಳೆದಿತ್ತು. ಅದರ ಎಣ್ಣೆಯೂ ಹೆಚ್ಚು ಖಾರವಾಗಿತ್ತು.

ಓದಿಗೋ ಕೆಲಸಕ್ಕೋ ಆ ಕಡೆ ಹೋಗುವ ನಮ್ಮ ಹುಡುಗರು ಒಂದು ವಿಷಯ ತಿಳಿದಿರಬೇಕು. ಮೈ ಒಮ್ಮೆ ಗೇರೆಣ್ಣೆಗೋ ಗೋಡಂಬಿ ಸಿಪ್ಪೆಗೋ ಹೊಳೆಗೇರಿನ ಸೊನೆಗೋ ಬೊಬ್ಬೆ ಎದ್ದಿದ್ದರೆ, ಅಲ್ಲಿನ ಬಳ್ಳಿ ಅವರಿಗೆ ಹೊಸ ಪರಿಚಯವಾಗಿರಲಾರದು. ಮೂರು ವಾರ ಕಾಯದೆ ಒಂದೆರಡು ದಿನದಲ್ಲೇ ಗುಳ್ಳೆ ಏಳಬಹುದು. ಮಾವಿನ ಸೊನೆ ತಾಗಿ ತುಟಿ ಬಿರಿಯುವವರೂ ಜೋಪಾನವಾಗಿರಬೇಕು. ಅಲ್ಲಿನ ವೈದ್ಯರಿಗೆ ಗೇರೆಣ್ಣೆ ಎಂದರೆ ಅರ್ಥವಾಗದೆ ಇರಬಹುದು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ ಎಂದು ಬಿಡಿಸಿ ಹೇಳಿದರೆ ಅವರ ಪುಸ್ತಕದಲ್ಲಿ ಅದು ಸಿಗುತ್ತದೆ.